ಸಂಬಂಧಪಟ್ಟವರು ಮಾತ್ರ

ಧಾರವಾಡದ ಕಾಲೇಜಿನಲ್ಲಿ ಓದುವಾಗ ಭೀಮಸೇನರಾಯರು ಒಂದು ಮಧ್ಯಾಹ್ನದ ಮಟ್ಟಿಗೆ ಲೋಕಸಭೆಯ ಸ್ಪೀಕರ್ ಆಗಿದ್ದರು. ಕಾಲೇಜಿನವರು ನಡೆಸಿದ ಅಣಕು ಸಂಸತ್ತು ಅದು. ಓಣಿಯ ವಕೀಲರ ಕರಿ ಗೌನು ಎರವಲು ಬಂದಿತ್ತು, ಮೇಜು ಕುಟ್ಟಲು ಬಡಗಿಯ ಕೊಡತಿ ಬಂದಿತ್ತು. ಅಂದು ಪ್ರಧಾನಿಯಾಗಿದ್ದ ಹುಡುಗ ಮುಂದೆ ಹುಬ್ಬಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ, ವಿರೋಧ ಪಕ್ಷದ ನಾಯಕ ಅದೇ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡ. ಸಂಸತ್ತು ಬರಖಾಸ್ತಾಯಿತೆಂದು ಎಲ್ಲರಿಗೂ ಗೊತ್ತಾಯಿತು. ರಾಯರಿಗೆ ಮಾತ್ರ ಯಾರೂ ತಿಳಿಸಲಿಲ್ಲ.

ಆ ಗೌನಿನ ಗುಂಗಿನಲ್ಲೇ ಅವರು ಸಿವಿಲ್ ಇಂಜಿನಿಯರಿಂಗ್ ಓದಿದರು, ಅರವತ್ತರ ದಶಕದಲ್ಲಿ ಟೆಕ್ಸಸ್‌ನ ಆಸ್ಟಿನ್‌ಗೆ ಬಂದು ಮೇಲಿನ ಓದು ಮುಗಿಸಿದರು, ಅಲ್ಲೇ ರಸ್ತೆಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅವರ ಪಾಲಿಗೆ ಬಂದದ್ದು ರಸ್ತೆಯಡಿ ನೀರು ಹಾಯಿಸುವ ಮೋರಿಗಳು. ಆ ಸೀಮೆಯ ಹಳ್ಳಗಳು ವರ್ಷದ ಬಹುಭಾಗ ಒಣಗಿ ಬಿದ್ದಿರುತ್ತವೆ. ಒಂದು ದಿನ ಮಳೆ ಬಂದರೆ ಕಾರು, ಬೇಲಿ, ದನ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತವೆ. ಆ ಒಂದು ದಿನಕ್ಕಾಗಿ ರಾಯರು ಲೆಕ್ಕ ಹಾಕಿ ಹಾಕಿ ಮೋರಿಯ ನಕ್ಷೆ ಬರೆಯುತ್ತಿದ್ದರು. "ಸೇತುವೆಗೆ ಹೆಸರು ಇಡ್ತಾರ, ಮೋರಿಗೆ ಇಡೂದಿಲ್ಲ. ಇಷ್ಟ ಫರಕು" ಎಂದು ಮನೆಗೆ ಬಂದವರಿಗೆ ಹೇಳುತ್ತಿದ್ದರು. ಮನೆಗೆ ಬರುವವರು ಕಡಿಮೆ ಇದ್ದುದರಿಂದ ಈ ಮಾತನ್ನು ಬಹುಪಾಲು ಹೆಂಡತಿಯೇ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಹೆಂಡತಿ ದಾಕ್ಷಾಯಣಿ. ಹನ್ನೊಂದು ಜನರಿದ್ದ ಮನೆಯಿಂದ ಬಂದವರು. ಆಸ್ಟಿನ್‌ನ ಉತ್ತರದಂಚಿಗೆ ಅವರು ಕೊಂಡ ಮನೆಯಲ್ಲಿ ಮೂರು ಮಲಗುವ ಕೋಣೆಗಳಿದ್ದವು. ಮಕ್ಕಳಾಗಲಿಲ್ಲವಾದ್ದರಿಂದ ಎರಡು ಕೋಣೆಗಳಲ್ಲಿ ಹಾಸಿಗೆಗಳು ಹಾಸಿದಂತೆಯೇ ಇರುತ್ತಿದ್ದವು. ಪಕ್ಕದ ಮನೆಯಾಕೆ ಒಳ್ಳೆಯವಳು, ದಿನವೂ ಕೈ ಬೀಸುತ್ತಿದ್ದಳು. ಏಳೆಂಟು ವರ್ಷ ಕೈ ಬೀಸಿದ ಮೇಲೂ ಅದು ಮಾತಿಗೆ ತಿರುಗಲಿಲ್ಲ. ದಾಕ್ಷಾಯಣಿಯವರು ಅಡಿಗೆ ಮಾಡುವಾಗ ಕುಕ್ಕರಿನ ಜೊತೆ ಮಾತಾಡುವುದನ್ನು ರಾಯರು ಒಂದೆರಡು ಸಲ ಕೇಳಿದ್ದರು. ಕುಕ್ಕರು ಉತ್ತರ ಕೊಡುತ್ತದಲ್ಲ ಎಂದು ಸುಮ್ಮನಾಗಿದ್ದರು.

ಈ ಮನೆಗೆ ವರ್ಷಕ್ಕೊಮ್ಮೆ ಜೀವ ಬರುತ್ತಿತ್ತು, ಯುಗಾದಿಗೆ.

ಎಪ್ಪತ್ತೊಂದನೆಯ ಇಸವಿಯಲ್ಲಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಊರುಗಳ ಕನ್ನಡಿಗರು ಸೇರಿ ಒಂದು ಸಂಘ ಕಟ್ಟಿದ್ದರು. ಅದಕ್ಕೆ ನಿಯಮಾವಳಿ ಬರೆದುಕೊಟ್ಟವರು ರಾಯರು. ಬೇರೆ ಊರುಗಳ ಸಂಘದವರು ಅಧ್ಯಕ್ಷ, ಕಾರ್ಯದರ್ಶಿ ಎಂದು ಎರಡು ಹೆಸರು ಬರೆದು ಇಡ್ಲಿ ತಿಂದು ಎದ್ದುಹೋಗುತ್ತಿದ್ದರು. ರಾಯರ ಸಂಘಕ್ಕೆ ಮೂರು ಪ್ರಾಂತ ಸಮಿತಿಗಳಿದ್ದವು, ಅವುಗಳ ಮೇಲೊಂದು ಮಹಾಸಭೆಯಿತ್ತು, ಮಹಾಸಭೆಗೆ ಒಬ್ಬ ಸಭಾಪತಿ ಇದ್ದರು. ಸಭಾಪತಿ ಯಾರೆಂದು ಹೇಳಬೇಕಾಗಿಲ್ಲ. ಹ್ಯೂಸ್ಟನ್ನಿಗೆ ಗಣೇಶನ ಹಬ್ಬ, ಡಲ್ಲಾಸಿಗೆ ರಾಜ್ಯೋತ್ಸವ, ಆಸ್ಟಿನ್ನಿಗೆ ಯುಗಾದಿ ಮತ್ತು ಮಹಾಸಭೆಯ ವಾರ್ಷಿಕ ಅಧಿವೇಶನ. ಡಲ್ಲಾಸ್, ಹ್ಯೂಸ್ಟನ್ ಎರಡೂ ಕಡೆ ಡಾಕ್ಟರು, ಇಂಜಿನಿಯರು ಎಂದು ಸಂಸಾರಗಳು ವರ್ಷವರ್ಷ ಹೆಚ್ಚುತ್ತಿದ್ದವು. ಆಸ್ಟಿನ್ ಪ್ರಾಂತದಲ್ಲಿ ಇದ್ದವರು ರಾಯರ ದಂಪತಿ ಮತ್ತು ಪದವಿ ಮುಗಿದೊಡನೆ ಹಾರಿಹೋಗುವ ಒಂದಷ್ಟು ವಿದ್ಯಾರ್ಥಿಗಳು. ಆದರೂ ಮಹಾಸಭೆಯಲ್ಲಿ ಮೂರು ಊರಿಗೂ ಸಮ ಓಟು. ರಾಯರೇ ಬರೆದದ್ದು.

ಯುಗಾದಿಯ ಹಿಂದಿನ ದಿನವೇ ಡಲ್ಲಾಸಿನಿಂದ ಗೀತಾ ತನ್ನ ಗಂಡ ಲಿಂಗರಾಜು ಮತ್ತು ಮಗಳೊಂದಿಗೆ ಬಂದಿಳಿಯುತ್ತಿದ್ದಳು. ಖಾಲಿ ಕೋಣೆಗಳ ಹಾಸಿಗೆಗಳು ಸುಕ್ಕಾಗುತ್ತಿದ್ದವು. ಗೀತಾ ದಾಕ್ಷಾಯಣಿಯವರಿಗಿಂತ ಹತ್ತು ವರ್ಷ ಚಿಕ್ಕವಳು, ಬೆಂಗಳೂರಿನವಳು. ಅಕ್ಕಾ ಅಕ್ಕಾ ಎನ್ನುತ್ತ ಅಡಿಗೆಮನೆಯಲ್ಲಿ ಹಿಂದೆ ಹಿಂದೆ ತಿರುಗುತ್ತಿದ್ದಳು. ಕಡಲೆಬೇಳೆಯ ಬದಲು ಅಂಗಡಿಯ ಹಳದಿ ಬಟಾಣಿ ಬೇಳೆ ಬೇಯಿಸಿ ಹೂರಣ ರುಬ್ಬಿ, ಇಬ್ಬರೂ ಕೂತು ಊರಿಗೆಲ್ಲ ಆಗುವಷ್ಟು ಹೋಳಿಗೆ ಲಟ್ಟಿಸುತ್ತಿದ್ದರು. ಆ ಎರಡು ದಿನ ದಾಕ್ಷಾಯಣಿಯವರು ಇಡೀ ವರ್ಷದ ಮಾತು ಆಡಿ ಮುಗಿಸುತ್ತಿದ್ದರು. ಹಬ್ಬ ಮುಗಿದು ಗೀತಾ ಕಾರು ಹತ್ತಿದ ಮೇಲೆ ಒಂದು ವಾರ ಆ ಹಾಸಿಗೆಗಳ ಹೊದಿಕೆ ಒಗೆಯುತ್ತಿರಲಿಲ್ಲ. ಯಾಕೆ ಎಂದು ರಾಯರು ಕೇಳಿರಲಿಲ್ಲ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವನ್ನು ಅವರು ಎತ್ತುತ್ತಿರಲಿಲ್ಲ.

ಅಧಿವೇಶನ ನಡೆಯುತ್ತಿದ್ದುದು ಬಾಡಿಗೆಗೆ ಹಿಡಿದ ಒಂದು ಚರ್ಚಿನ ಹಾಲಿನಲ್ಲಿ, ಊಟದ ಮೇಲೆ. ಕೊನೆಯ ಗೊತ್ತುವಳಿ ಯಾವಾಗಲೂ ಒಂದೇ: ಮುಂದಿನ ಯುಗಾದಿಯೂ ಆಸ್ಟಿನ್‌ನಲ್ಲೇ ಆಗತಕ್ಕದ್ದು. ಪರವಾಗಿರುವವರು ಕೈ ಎತ್ತಿ ಎಂದು ರಾಯರು ಹೇಳಿದ ಕೂಡಲೇ ಎಲ್ಲ ಕೈಗಳೂ ಏಳುತ್ತಿದ್ದವು, ಕೆಲವು ಕೈಗಳಲ್ಲಿ ಹೋಳಿಗೆಯೂ ಇರುತ್ತಿತ್ತು. ತುಪ್ಪದ ಪಾತ್ರೆ ಹಿಡಿದು ದಾಕ್ಷಾಯಣಿಯವರು ಪಂಕ್ತಿಯ ನಡುವೆ ನಿಂತಿರುವಾಗ ಬೇಡವೆಂದು ಕೂತುಕೊಳ್ಳುವ ಧೈರ್ಯ ಯಾವ ಕನ್ನಡಿಗನಿಗಿದೆ? ದಾಕ್ಷಿಣ್ಯ ನಮ್ಮ ಜನಕ್ಕೆ ಅಮ್ಮನ ಹಾಲಿನಲ್ಲೇ ಬಂದದ್ದು. ಒಂದು ವರ್ಷ ನಾಟಕ ಆಡಬೇಕೋ ಸಂಗೀತ ಇಡಬೇಕೋ ಎಂದು ಓಟಿಗೆ ಹಾಕಿದಾಗ ನಾಟಕವೂ ಸರ್ವಾನುಮತದಿಂದ ಗೆದ್ದಿತ್ತು, ಸಂಗೀತವೂ ಸರ್ವಾನುಮತದಿಂದ ಗೆದ್ದಿತ್ತು, ಕೊನೆಗೆ ಎರಡೂ ನಡೆದಿರಲಿಲ್ಲ. ರಾಯರು ಇದನ್ನು ಪ್ರಜಾಪ್ರಭುತ್ವದ ಪರಿಪಕ್ವತೆ ಎಂದು ಕರೆದಿದ್ದರು.

ಜಗಳ ಶುರುವಾದದ್ದು ಗಣಪತಿಯಿಂದ. ಹ್ಯೂಸ್ಟನ್ನಿನವರಿಗೆ ತಮ್ಮ ಮಣ್ಣಿನ ಗಣಪತಿಯನ್ನು ಗ್ಯಾಲ್ವೆಸ್ಟನ್ನಿನ ಸಮುದ್ರಕ್ಕೆ ಒಯ್ದು ಬಿಡುವ ಆಸೆ. ಪೊಲೀಸರು ಹಿಡಿದರೆ ಸಂಘದ ಮಾನ ಹೋಗುತ್ತದೆಂದು ಡಲ್ಲಾಸ್ ಮತ್ತು ಆಸ್ಟಿನ್ ಸೇರಿ ಬಕೆಟ್ಟಿನಲ್ಲೇ ವಿಸರ್ಜಿಸತಕ್ಕದ್ದು ಎಂದು ಓಟು ಹಾಕಿಬಿಟ್ಟವು. ಹ್ಯೂಸ್ಟನ್ನಿನ ಮುಖಂಡರು ಡಾಕ್ಟರ್ ನಂದಕುಮಾರ್, ಮೈಸೂರಿನವರು, ಆಪರೇಷನ್ನಿಗೆ ಮುಂಚೆ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಕೆಲಸದವರು. ತಾವು ಮಾತ್ರ ಸದಾ ಎಚ್ಚರವಾಗಿರುತ್ತಿದ್ದರು.

"ಅಲ್ಲ ರಾಯರೇ, ನಮ್ಮ ಗಣಪತೀನ ಎಲ್ಲಿ ಮುಳುಗಿಸ್ಬೇಕು ಅಂತ ನೀವು ಓಟು ಹಾಕ್ತೀರಲ್ಲ, ನಿಮ್ಮೂರಿಗೆ ಸಮುದ್ರ ಇದೆಯಾ?" ಎಂದು ಫೋನಿನಲ್ಲಿ ಕೇಳಿದರು.

"ಸಮುದ್ರದ ಪ್ರಶ್ನೆ ಅಲ್ರಿ ಡಾಕ್ಟ್ರ. ಮಹಾಸಭಾದ ನಿರ್ಣಯ ಅದು."

"ಮಹಾಸಭೆ ಬಂದು ನೋಡ್ಲಿ ಒಂದ್ಸಲ. ಆನೆ ತಲೆ ಬಕೆಟ್ಟಿಗೆ ಹಿಡೀಲಿಲ್ಲ, ಸೊಂಡಿಲು ಹೊರಗೇ ಉಳೀತು. ನಮ್ಮ ವಿಷಯ ನಮಗೆ ಬಿಡೋದಾದ್ರೆ ಇರ್ತೀವಿ. ಇಲ್ದಿದ್ರೆ ನಮ್ಮ ದಾರಿ ನಮಗೆ."

ರಾಯರಿಗೆ ನಿದ್ದೆ ಹೋಯಿತು. ಹ್ಯೂಸ್ಟನ್ ಬಿಟ್ಟುಹೋದರೆ ಮಹಾಸಭೆ ಇಲ್ಲ, ಮಹಾಸಭೆ ಇಲ್ಲದಿದ್ದರೆ ಅಧಿವೇಶನವಿಲ್ಲ, ಅಧಿವೇಶನವಿಲ್ಲದಿದ್ದರೆ ಆಸ್ಟಿನ್ನಿಗೆ ಯಾರು ಬರುತ್ತಾರೆ? ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಲಂಡನ್ನಿನ ಪತ್ರಿಕೆಗಳು ತಡವಾಗಿಯಾದರೂ ಬರುತ್ತಿದ್ದವು. ಶನಿವಾರ ಹೋಗಿ ಅವನ್ನು ಓದುವುದು ರಾಯರ ಅಭ್ಯಾಸ. ಅಲ್ಲಿ ನೋಡಿದರೆ ಬ್ರಿಟನ್ನಿನ ಸಂಸತ್ತೂ ಇದೇ ಗಣಪತಿಯನ್ನು ಹೊತ್ತುಕೊಂಡು ನಿಂತಿತ್ತು. ಸ್ಕಾಟ್ಲೆಂಡಿಗೆ ಅದರದೇ ಶಾಸನಸಭೆ ಕೊಡಬೇಕೆಂದು ಮಸೂದೆ ಬಂದಿತ್ತು. ಕೊಟ್ಟರೆ, ಸ್ಕಾಟ್ಲೆಂಡಿನ ಶಾಲೆಗಳ ವಿಚಾರದಲ್ಲಿ ಇಂಗ್ಲೆಂಡಿನ ಸದಸ್ಯರಿಗೆ ಓಟಿಲ್ಲ. ಆದರೆ ಇಂಗ್ಲೆಂಡಿನ ಶಾಲೆಗಳ ವಿಚಾರದಲ್ಲಿ ಸ್ಕಾಟ್ಲೆಂಡಿನ ಸದಸ್ಯರು ಲಂಡನ್ನಿನಲ್ಲಿ ಕೂತು ಓಟು ಹಾಕುತ್ತಲೇ ಇರುತ್ತಾರೆ. ಇದು ಯಾವ ನ್ಯಾಯ ಎಂದು ಒಬ್ಬ ಸದಸ್ಯ ಕೇಳಿದ್ದ. ಸ್ಕಾಟ್ಲೆಂಡಿನವರು ಒಳಗೆ ಕೂರಬೇಕೋ ಹೊರಗೆ ಹೋಗಬೇಕೋ, ವಿಷಯಕ್ಕೆ ತಕ್ಕಂತೆ ಒಳಗೂ ಹೊರಗೂ ಓಡಾಡಬೇಕೋ ಎಂದು ಪುಟಗಟ್ಟಲೆ ಚರ್ಚೆ.

ಏಳುನೂರು ವರ್ಷದ ಸಂಸತ್ತಿಗೆ ಬಿಡಿಸಲಾಗದ ಗಂಟನ್ನು ರಾಯರು ಎರಡು ಭಾನುವಾರಗಳಲ್ಲಿ ಬಿಡಿಸಿದರು. ಒಂದು: ಯಾವ ವಿಷಯ ಯಾವ ಊರಿಗೆ ಸಂಬಂಧಪಟ್ಟದ್ದೋ ಆ ಊರಿನವರು ಮಾತ್ರ ಓಟು ಹಾಕತಕ್ಕದ್ದು, ಉಳಿದವರು ಸಭೆಯಿಂದ ಹೊರಗೆ ಹೋಗತಕ್ಕದ್ದು. ಎರಡು: ಕೈ ಎತ್ತುವ ಪದ್ಧತಿ ರದ್ದು, ಇನ್ನು ಮುಂದೆ ಗುಪ್ತ ಚೀಟಿ. ಇದರ ಇಂಗ್ಲಿಷ್ ಪ್ರತಿಯನ್ನು ಲಂಡನ್ನಿನ ಪತ್ರಿಕೆಯೊಂದರ ಸಂಪಾದಕರಿಗೂ ಕಳಿಸಿದರು. ಅವರು ಪ್ರಕಟಿಸಲಿಲ್ಲ. ಆ ದೇಶ ಇಳಿಮುಖವಾಗಿರುವುದಕ್ಕೆ ಕಾರಣ ರಾಯರಿಗೆ ಹೊಳೆಯಿತು.

ಹೆಂಡತಿಗೆ ಓದಿ ಹೇಳಿದಾಗ ಆಕೆ ಬೆಂಡೆಕಾಯಿ ಹೆಚ್ಚುತ್ತಿದ್ದರು.

"ಮೊದಲನೇದು ಇರ್ಲಿ. ಚೀಟಿ ಯಾಕ್ರಿ? ಕೈ ಎತ್ತಲಿಕ್ಕೆ ಏನಾಗ್ಯದ?"

"ಕೈ ಎತ್ತೂದ್ರಾಗ ಮನಸ್ಸು ತಿಳಿಯೂದಿಲ್ಲ, ದಾಕ್ಷಾಯಣಿ. ಒಬ್ಬರ ಮಾರಿ ಒಬ್ಬರು ನೋಡಿ ಎತ್ತತಾರ."

"ನೋಡ್ಲಿ ಬಿಡ್ರಿ. ಮಂದಿ ಮನಸಿನ್ಯಾಗ ಏನದ ಅಂತ ತಿಳ್ಕೊಂಡು ನೀವೇನ್ ಮಾಡೋರಿದ್ದೀರಿ?"

ಇದು ಸಂವಿಧಾನದ ಪ್ರಶ್ನೆಯಲ್ಲವಾದ್ದರಿಂದ ರಾಯರು ಕಾಗದ ಮಡಚಿಟ್ಟರು. ಸುಧಾರಣೆಗಳನ್ನು ಆ ಚಳಿಗಾಲದಲ್ಲಿ ಡಲ್ಲಾಸಿನಲ್ಲಿ ಸೇರಿದ ವಿಶೇಷ ಸಭೆ ಒಪ್ಪಿಕೊಂಡಿತು. ಎಲ್ಲರೂ ಕೈ ಎತ್ತಿದರು. ನಂದಕುಮಾರ್ ರಾಯರ ಕೈ ಕುಲುಕಿ, "ಸಂಘ ಉಳಿಸಿಬಿಟ್ರಿ" ಎಂದರು. ರಾಯರು ವಾಪಸು ಬರುವಾಗ ದಾರಿಯುದ್ದಕ್ಕೂ ಸೀಟಿ ಹೊಡೆದರು.

ಎಪ್ಪತ್ತೆಂಟರ ಯುಗಾದಿ ಬಂತು. ರಸ್ತೆಬದಿಯಲ್ಲೆಲ್ಲ ನೀಲಿ ಹೂವು ಹಾಸಿದಂತೆ ಅರಳಿತ್ತು. ಗೀತಾಳ ಸಂಸಾರ ಈ ಸಲ ಹಿಂದಿನ ದಿನ ಬರಲಿಲ್ಲ. ಮಗಳಿಗೆ ಈಜಿನ ಕ್ಲಾಸು ಇದೆ, ಹಬ್ಬದ ಬೆಳಗ್ಗೆ ಹೊರಟು ಬಂದು ರಾತ್ರಿ ಉಳಿಯುತ್ತೇವೆ ಎಂದು ಫೋನ್ ಮಾಡಿದ್ದಳು. ದಾಕ್ಷಾಯಣಿಯವರು ಹೋಳಿಗೆಯೆಲ್ಲ ಒಬ್ಬರೇ ಮಾಡಿದರು. ಊಟ ಸೊಗಸಾಗಿ ನಡೆಯಿತು. ಊಟದ ಮೇಲೆ ಸುಧಾರಿತ ಮಹಾಸಭೆ ಸೇರಿತು. ಗಣಪತಿಯ ವಿಷಯ ಮೊದಲು ಬಂತು. ಡಲ್ಲಾಸಿನವರೂ ಆಸ್ಟಿನ್ನಿನವರೂ ಎದ್ದು ಹೊರಗೆ ಹೋದರು, ಹ್ಯೂಸ್ಟನ್ನಿನವರು ಸಮುದ್ರವೆಂದು ಚೀಟಿ ಹಾಕಿದರು, ಹೊರಗಿದ್ದವರು ಒಳಗೆ ಬಂದು ಚಪ್ಪಾಳೆ ತಟ್ಟಿದರು. ಲಂಡನ್ನಿನವರು ಬಂದು ನೋಡಬೇಕಿತ್ತು ಎಂದು ರಾಯರಿಗೆ ಅನಿಸಿತು.

ಕೊನೆಯ ಗೊತ್ತುವಳಿಯನ್ನು ಅವರು ಎಂದಿನಂತೆ ಓದಿದರು. ಮುಂದಿನ ಯುಗಾದಿಯೂ ಆಸ್ಟಿನ್‌ನಲ್ಲೇ ಆಗತಕ್ಕದ್ದು.

ಲಿಂಗರಾಜು ಎದ್ದುನಿಂತ. ಮೆದು ಮಾತಿನ ಮನುಷ್ಯ, ಎಲೆಕ್ಟ್ರಾನಿಕ್ಸ್ ಇಂಜಿನಿಯರು.

"ಸಾರ್, ಬೇಜಾರು ಮಾಡ್ಕೋಬೇಡಿ. ಒಂದು ಕ್ರಿಯಾಲೋಪ ಇದೆ ಅನ್ಸುತ್ತೆ."

ಸಭೆ ನಿಯಮ ತಪ್ಪಿದಾಗ ಶಾಸಕರು ಎದ್ದು ಹೇಳುವ ಕ್ರಿಯಾಲೋಪ ಎಂಬ ಪದವನ್ನು ಈ ಖಂಡದಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳಿ ರಾಯರಿಗೆ ರೋಮಾಂಚನವಾಯಿತು. "ಹೇಳ್ರಿ, ಹೇಳ್ರಿ" ಎಂದರು.

"ಯುಗಾದಿ ಆಸ್ಟಿನ್‌ನಲ್ಲಿ ಆದ್ರೆ ಆಸ್ಟಿನ್‌ನವರಿಗೇನೂ ತೊಂದ್ರೆ ಇಲ್ಲ, ಮನೇಲೇ ಇರ್ತೀರಿ. ಡ್ರೈವ್ ಮಾಡ್ಕೊಂಡು ಬರೋರು ನಾವು. ಈ ಐವತ್ತೈದು ಮೈಲಿ ಸ್ಪೀಡ್ ಲಿಮಿಟ್ ಬಂದ್ಮೇಲೆ ಮಕ್ಕಳು ಕೂರೋದೇ ಇಲ್ಲ ಕಾರಲ್ಲಿ. ಹಾಗಾಗಿ ಇದು ಡಲ್ಲಾಸ್, ಹ್ಯೂಸ್ಟನ್‌ಗೆ ಸಂಬಂಧಪಟ್ಟ ವಿಷಯ. ನಿಮ್ಮ ರೂಲ್ ಪ್ರಕಾರ ನೀವು... ಅಂದ್ರೆ ಆಸ್ಟಿನ್‌ನವರು..." ಎಂದು ಬಾಗಿಲಿನ ಕಡೆ ನೋಡಿದ. ಕೈ ಮಾತ್ರ ತೋರಿಸಲಿಲ್ಲ.

ಸಭಾಂಗಣದ ತುದಿಯಲ್ಲಿ ಪಾತ್ರೆಗಳ ಹತ್ತಿರ ದಾಕ್ಷಾಯಣಿಯವರು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು. ಆಕ್ಷೇಪಣೆಯನ್ನು ತಳ್ಳಿಹಾಕುವುದು ಸುಲಭವಿತ್ತು. ಹಬ್ಬ ನಡೆಯುವ ಊರು ಹಬ್ಬಕ್ಕೆ ಸಂಬಂಧಪಟ್ಟದ್ದಲ್ಲವೇ ಎಂದು ಒಂದು ಮಾತು ಸಾಕಿತ್ತು. ಯಾರೂ ಎದುರಾಡುತ್ತಿರಲಿಲ್ಲ, ಲಿಂಗರಾಜುವೇ ಸಮಾಧಾನದಿಂದ ಕೂತುಬಿಡುತ್ತಿದ್ದ. ಆದರೆ ಸಭಾಪತಿಯ ಜೀವನದಲ್ಲಿ ತನ್ನ ಮೇಲೇ ತೀರ್ಪು ಕೊಡುವ ಸಂದರ್ಭ ಎಷ್ಟು ಸಲ ಬರುತ್ತದೆ? ರಾಯರ ಬೆನ್ನು ತಾನಾಗಿ ನೆಟ್ಟಗಾಯಿತು.

"ಆಕ್ಷೇಪಣೆ ಸರಿಯಾಗಿದೆ" ಎಂದರು, ಅಚ್ಚ ಪುಸ್ತಕದ ಕನ್ನಡದಲ್ಲಿ. "ಆಸ್ಟಿನ್ ಪ್ರಾಂತದ ಸದಸ್ಯರು ಸಭೆಯಿಂದ ಹೊರಗೆ ಹೋಗತಕ್ಕದ್ದು. ಡಾಕ್ಟರ್ ನಂದಕುಮಾರ್ ಅವರು ಪೀಠ ವಹಿಸತಕ್ಕದ್ದು."

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ರಾಯರು ತಲೆಯೆತ್ತಿ ನಡೆದರು. ವಿದ್ಯಾರ್ಥಿಗಳು ಸಿಗರೇಟಿಗೆ ಒಳ್ಳೆಯ ಸಮಯ ಸಿಕ್ಕಿತೆಂದು ಅವರ ಹಿಂದೆ ಬಂದರು. ದಾಕ್ಷಾಯಣಿಯವರು ಅಲ್ಲೇ ನಿಂತಿದ್ದರು. ಗೀತಾ ಅವರ ಹತ್ತಿರ ಹೋಗಿ ಏನೋ ಹೇಳಿದಳು. ಆಕೆ ಬಟ್ಟೆ ಮಡಚಿಟ್ಟು ಹೊರಗೆ ಬಂದರು.

ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಟಾರು ಕಾದಿತ್ತು. ನೆರಳೆಂದರೆ ಒಂದು ಮರದ್ದು, ಅದರಡಿ ಗಂಡಹೆಂಡತಿ ನಿಂತರು. ವಿದ್ಯಾರ್ಥಿಗಳು ದೂರ ಹೋದರು. ಮುಚ್ಚಿದ ಬಾಗಿಲಿನ ಆಚೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ನಗು ಕೇಳಿಸಿತು. ಕೆಟ್ಟ ನಗುವಲ್ಲ, ಹೊಟ್ಟೆ ತುಂಬಿದವರು ಆರಾಮವಾಗಿ ಕೂತಾಗ ನಗುವ ನಗು.

"ಏನಂದ್ಲು ಗೀತಾ?" ರಾಯರು ಕೇಳಿದರು.

"ಅಕ್ಕಾ, ನೀವೂ ಹೋಗ್ಬೇಕಂತೆ, ಅಂದ್ಲು."

"ನಿಯಮ ಅದು."

"ಗೊತ್ತದ. ನೀವ ಬರದದ್ದಲ್ಲೇನು?"

ರಾಯರು, "ಏನೂ ಆಗೂದಿಲ್ಲ. ಏಳು ವರ್ಷ ಸರ್ವಾನುಮತ ಅದ" ಎಂದರು.

ದಾಕ್ಷಾಯಣಿಯವರು ಅವರನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಾಯರಿಗೆ ಉತ್ತರ ಗೊತ್ತಿತ್ತು. "ನಾ ಅಲ್ಲಿ ನಿಂತಿರ್ತಿದ್ದೆ ಅಲ್ರೀ" ಎಂದರು. "ನನ್ನ ಮಾರಿ ನೋಡಿ ಬರ್ತೀವಿ ಅಂತಿದ್ರು. ಅಷ್ಟು ನನಗ ಸಾಕಾಗಿತ್ತು. ಖರೇನ ಬರಲಿಕ್ಕೆ ಮನಸದ ಇಲ್ಲೋ ಅಂತ ನಾ ಯಾವತ್ತೂ ಕೇಳಿದ್ದಿಲ್ಲ."

ಬಾಗಿಲು ತೆರೆಯಿತು.

ನಂದಕುಮಾರ್ ಫಲಿತಾಂಶವನ್ನು ಮೆಲ್ಲಗೆ ಓದಿದರು, ರೋಗಿಗೆ ಅರಿವಳಿಕೆ ಕೊಡುವ ಮುಂಚಿನ ದನಿಯಲ್ಲಿ. ಇನ್ನು ಮುಂದೆ ಆಯಾ ಊರಿನ ಯುಗಾದಿ ಆಯಾ ಊರಿನಲ್ಲಿ. ಆಸ್ಟಿನ್ ಬೇಕೆಂದ ಚೀಟಿ ಒಂದೂ ಬಿದ್ದಿರಲಿಲ್ಲ.

ಗುಪ್ತ ಮತದಾನದ ಬಗ್ಗೆ ರಾಯರು ಸಿಕ್ಕಿದ್ದನ್ನೆಲ್ಲ ಓದಿದ್ದರು. ಎಲ್ಲರೂ ಒಂದೇ ಕಡೆ ಹಾಕಿಬಿಟ್ಟರೆ ಯಾರ ಗುಟ್ಟೂ ಉಳಿಯುವುದಿಲ್ಲ ಎಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ. ನಾಲ್ಕು ಊಟ ಮಾಡಿಹೋದವರು, ನಲವತ್ತು ಊಟ ಮಾಡಿದವರು, ಎಲ್ಲರೂ ಒಂದೇ ಸಮನೆ ನೆಲ ನೋಡುತ್ತಿದ್ದರು. ಗೀತಾ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಶುರು ಮಾಡಿದ್ದಳು. "ಸಭೆ ಮುಕ್ತಾಯವಾಗಿದೆ" ಎಂದರು ರಾಯರು. ದನಿ ಸರಿಯಾಗಿಯೇ ಬಂತು, ಅದಕ್ಕೆ ಅಭ್ಯಾಸವಿತ್ತು.

ಆ ರಾತ್ರಿ ಗೀತಾಳ ಸಂಸಾರ ಉಳಿಯಲಿಲ್ಲ. ಕಾರಿನ ಹತ್ತಿರ ನಿಂತು, "ಇವರಿಗೆ ನಾಳೆ ಸ್ವಲ್ಪ ಕೆಲಸ ಇದೆ ಅಕ್ಕಾ" ಎಂದಳು ಗೀತಾ. ನಾಳೆ ಭಾನುವಾರ.

"ಹೂಂ, ಹೊತ್ತಾಗ್ತದ, ಹೊರಡ್ರಿ" ಎಂದರು ದಾಕ್ಷಾಯಣಿ. ಹೋಳಿಗೆಯ ಪೊಟ್ಟಣ ಮಗುವಿನ ಕೈಗೆ ಕೊಟ್ಟರು. ಮಗು ಥ್ಯಾಂಕ್ಯೂ ಆಂಟಿ ಎಂದಿತು. ಲಿಂಗರಾಜು ಕಾರು ಶುರು ಮಾಡಿದ.

ಸಂಘವನ್ನು ಯಾರೂ ಮುಚ್ಚಲಿಲ್ಲ. ಮುಚ್ಚಬೇಕಾದರೆ ಮಹಾಸಭೆ ಸೇರಬೇಕಿತ್ತು. ಸೇರಲು ಮೂರೂ ಊರಿಗೆ ಸಂಬಂಧಪಟ್ಟ ಒಂದು ವಿಷಯ ಬೇಕಿತ್ತು. ಹುಡುಕಿದರೂ ಅಂಥದೊಂದು ಸಿಗಲಿಲ್ಲ. ರಾಯರು ಇಂದಿಗೂ ಅದರ ಸಭಾಪತಿ. ಇಳಿಸುವ ಅಧಿಕಾರ ಯಾರಿಗಿದೆಯೆಂದು ತೀರ್ಮಾನವಾಗಿಲ್ಲ.

ಬೇಸಿಗೆಯಲ್ಲಿ ದಾಕ್ಷಾಯಣಿಯವರು ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದರು. ಹಣದ ಅಡಚಣೆಯೇನೂ ಇರಲಿಲ್ಲ. ಯಾಕೆ ಎಂದು ರಾಯರು ಈ ಸಲ ಕೇಳಿದರು. "ಅಲ್ಲಿ ಮಂದಿ ಇರ್ತಾರ" ಎಂದರು ಆಕೆ. ಮರುವರ್ಷ ಯುಗಾದಿ ವಾರದ ನಡುವೆ ಬಂತು. ರಾಯರು ರಜೆ ಹಾಕಿದ್ದರು, ಆಕೆ ಹಾಕಿರಲಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಪತ್ರಿಕೆ ಓದಿದರು. ಸ್ಕಾಟ್ಲೆಂಡಿನವರಿಗೆ ಶಾಸನಸಭೆ ಸಿಗಲಿಲ್ಲ. ಓಟು ಹಾಕಿದವರಲ್ಲಿ ಬೇಕು ಎಂದವರೇ ಹೆಚ್ಚು, ಆದರೆ ಒಟ್ಟು ಮತದಾರರಲ್ಲಿ ನೂರಕ್ಕೆ ನಲವತ್ತು ಜನ ಬೇಕೆನ್ನಬೇಕಿತ್ತು, ಅಷ್ಟಾಗಲಿಲ್ಲ. ಹಾಗೊಂದು ನಿಯಮವನ್ನು ಸಂಸತ್ತು ಮೊದಲೇ ಮಾಡಿಟ್ಟಿತ್ತು. ಬೇರೆ ದಿನವಾಗಿದ್ದರೆ ರಾಯರು ಆ ನಿಯಮವನ್ನು ಮೆಚ್ಚಿಕೊಂಡು ಅಡಿಗೆರೆ ಎಳೆಯುತ್ತಿದ್ದರು.

ಮಧ್ಯಾಹ್ನ ಫೋನ್ ಬಂತು. ಗೀತಾ.

"ಅಕ್ಕ ಇಲ್ವಾ ಅಂಕಲ್?" ಎಂದಳು. ಇಷ್ಟು ವರ್ಷ ಭಾವ ಎನ್ನುತ್ತಿದ್ದಳು.

"ಕೆಲಸಕ್ಕ ಹೋಗ್ಯಾಳ."

"ಓ." ಹಿಂದುಗಡೆ ಡಲ್ಲಾಸಿನ ಯುಗಾದಿಯ ಗದ್ದಲ ಕೇಳಿಸುತ್ತಿತ್ತು, ಯಾರೋ ಕುರ್ಚಿ ಎಳೆಯುತ್ತಿದ್ದರು. "ಸುಮ್ನೆ ಮಾಡ್ದೆ. ಹಬ್ಬ ಅಲ್ವಾ. ಒಂದ್ಸಲ ನೀವಿಬ್ರೂ ಬನ್ನಿ ಅಂಕಲ್ ಈ ಕಡೆ. ಎರಡು ದಿನ ಇದ್ದು ಹೋಗೋ ಥರ."

"ಖಂಡಿತ ಬರ್ತೀವಿ" ಎಂದರು ರಾಯರು.

ಫೋನನ್ನು ಯಾರು ಮೊದಲು ಇಟ್ಟರೋ, ಗೊತ್ತಾಗಲಿಲ್ಲ.

ಸಂಜೆ ದಾಕ್ಷಾಯಣಿಯವರು ಬಂದರು. ಕೈಗೆ ಸೋಪಿನ ವಾಸನೆಯಿತ್ತು. ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಾಗ ರಾಯರು ವಿಷಯ ಹೇಳಿದರು. ಆಕೆ ಎರಡನೆಯ ಬೂಟನ್ನೂ ಬಿಚ್ಚಿ ಪಕ್ಕಕ್ಕಿಟ್ಟರು.

"ನೀವೇನಂದ್ರಿ?"

"ಖಂಡಿತ ಬರ್ತೀವಿ ಅಂದೆ."

"ಛಲೋ ಅಂದ್ರಿ" ಎಂದು ಆಕೆ ಎದ್ದು, ಇಬ್ಬರಿಗಾಗುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಟ್ಟರು. ರಾಯರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಾದರು. ಆಕೆ ಕುಕ್ಕರಿನ ಜೊತೆಗೂ ಏನೂ ಮಾತಾಡಲಿಲ್ಲ.